ಹೊಲಿಗೆ ಮಷೀನಿನಂಥ ಕಾರು

ಹೊಸಬಾಳೆಯ ಶೇಷಪ್ಪನವರ ಹಳೆಯ ಫಿಯೆಟ್ ಕಾರಿಗೆ ಊರವರು ಇಟ್ಟ ಹೆಸರು ‘ಹೊಲಿಗೆ ಮಷೀನು’. ಈ ಹೆಸರು ಶೇಷಪ್ಪನವರಿಗೆ ಬಹಳ ಇಷ್ಟ. ಮೆಕ್ಯಾನಿಕ್‌ಗಳ ಬಾಯಲ್ಲಿ ಇಂಜಿನ್ನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಎಲ್ಲೂ ತಡವರಿಸದೆ, ನಡುಗದೆ, ಒಂದೇ ಲಯದಲ್ಲಿ ಓಡುವ ಇಂಜಿನ್ನನ್ನು ಅವರು ಹೊಲಿಗೆ ಮಷೀನಿಗೆ ಹೋಲಿಸುತ್ತಾರೆ.

ಊರವರು ಹೇಳುತ್ತಿದ್ದುದು ಬೇರೆ ಅರ್ಥದಲ್ಲಿ. ಕಾರು ಕೆರೆ ಏರಿಯ ಮೇಲೆ ಇರುವಾಗಲೇ ಅದರ ಟಿಕ್ಕಿಟಿಕ್ಕಿಟಿಕ್ಕಿ ಊರೊಳಗೆ ಬಂದು ಮುಟ್ಟುತ್ತಿತ್ತು. ಇಂಜಿನ್ನಿನ ತಲೆಯ ಮೇಲೆ ವಾಲ್ವುಗಳನ್ನು ಒತ್ತಿ ತೆರೆಯುವ ಸಣ್ಣ ಸಣ್ಣ ತೋಳುಗಳಿರುತ್ತವೆ. ತೋಳಿಗೂ ವಾಲ್ವಿಗೂ ನಡುವೆ ದಪ್ಪ ಕಾಗದ ತೂರುವಷ್ಟು ಸಂದು ಬೇಕು. ಸಂದು ಅದಕ್ಕಿಂತ ಹೆಚ್ಚಾದರೆ ತೋಳು ಪ್ರತಿ ಸಲವೂ ವಾಲ್ವನ್ನು ಒತ್ತುವ ಬದಲು ಬಡಿಯುತ್ತದೆ. ಗ್ಯಾರೇಜಿನವರು ಇದನ್ನು ಟ್ಯಾಪೆಟ್ ಸೌಂಡ್ ಎನ್ನುತ್ತಾರೆ. ಯಾರು ಬೇಕಾದರೂ ಗುರುತಿಸಬಹುದಾದ ಸದ್ದು ಅದು. ಶೇಷಪ್ಪನವರಿಗೆ ಮಾತ್ರ ಕೇಳುತ್ತಿರಲಿಲ್ಲ.

ಹಾಗೆಂದು ಅವರು ಕಿವುಡರಲ್ಲ. ಬಸ್ಸು ಬಂದದ್ದು ಕೇಳುತ್ತದೆ, ಗುಡುಗು ಕೇಳುತ್ತದೆ, ಗಂಡಸರ ಮಾತು ಕೇಳುತ್ತದೆ. ಅವರು ಮೀಸೆ ಚಿಗುರಿದಂದಿನಿಂದ ತಲೆ ನರೆಯುವವರೆಗೆ ಜಡೆ ಊರಿನ ಅಕ್ಕಿ ಗಿರಣಿಯಲ್ಲಿ ಯಂತ್ರದ ಪಕ್ಕದಲ್ಲೇ ನಿಂತು ದುಡಿದವರು. ಅಂಥ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದ ಕಿವಿ ಒಂದೇ ಸಲಕ್ಕೆ ಕೆಡುವುದಿಲ್ಲ. ಮೊದಲು ಹೋಗುವುದು ಚೂಪಾದ, ಕೀರಲು ಸದ್ದುಗಳು. ದಪ್ಪ ಸದ್ದುಗಳು ಉಳಿದುಕೊಳ್ಳುತ್ತವೆ. ಆದ್ದರಿಂದ ಕಿವಿ ಕೆಟ್ಟಿದೆ ಎಂದು ಮನುಷ್ಯನಿಗೆ ಅನ್ನಿಸುವುದೇ ಇಲ್ಲ, ಲೋಕವೇ ಸ್ವಲ್ಪ ಮೆತ್ತಗಾಗಿದೆ ಅನ್ನಿಸುತ್ತದೆ. ಮಳೆಗಾಲದಲ್ಲಿ ಒಮ್ಮೆ ಮನೆಯವರನ್ನೆಲ್ಲ ಗುಡವಿಯ ಪಕ್ಷಿಧಾಮಕ್ಕೆ ಕರೆದುಕೊಂಡು ಹೋದಾಗ, ಮರದ ತುಂಬ ಕೂತಿದ್ದ ಹಕ್ಕಿಗಳನ್ನು ನೋಡಿ ಶೇಷಪ್ಪ ಹೇಳಿದ್ದರು: “ಈ ಸಲ ಹಕ್ಕಿ ಬಂದಾವೆ, ಆದ್ರೆ ಎಂತಕೋ ಕೂಗ್ತಾ ಇಲ್ಲ.” ಅವರ ಹೆಂಡತಿ ಗುಡ್ಡಮ್ಮ ಆ ಗಲಾಟೆಗೆ ಕಿವಿ ಮುಚ್ಚಿಕೊಂಡು ನಿಂತಿದ್ದರು.

ಕಾರಿನ ವಿಷಯದಲ್ಲೂ ಹೀಗೆಯೇ ಆಯಿತು. ಹಿಂದೊಮ್ಮೆ ಶೇಷಪ್ಪ ತಾವೇ ಕೂತು ಟ್ಯಾಪೆಟ್ ಸರಿಮಾಡಿದ್ದರು. ಆಮೇಲೆ ಸದ್ದು ಕಡಿಮೆಯಾಗುತ್ತಾ ಬಂತು, ಕೊನೆಗೆ ನಿಂತೇ ಹೋಯಿತು. ಹಾಗೆಂದು ಅವರು ತಿಳಿದರು. ನಿಜಕ್ಕೂ ಕಡಿಮೆಯಾಗುತ್ತಿದ್ದುದು ಅವರ ಕಿವಿ. ಸದ್ದು ಹೆಚ್ಚಾಗುತ್ತಲೇ ಇತ್ತು.

ಹೇಳಿದವರಿಲ್ಲ ಎಂದಲ್ಲ. ಗುಡ್ಡಮ್ಮ ಹೇಳಿದಾಗ, “ಅದು ನಿನ್ನ ಮಿಕ್ಸಿ ಸದ್ದು” ಎಂದಿದ್ದರು. ಮಗ ಸುರೇಶ ಹೇಳಿದಾಗ, “ಟ್ರ್ಯಾಕ್ಟರ್ ಓಡ್ಸೋನಿಗೆ ಕಾರಿನ ಇಂಜಿನ್ ಎಂತ ಗೊತ್ತು” ಎಂದು ಹೇಳಿ ಒಂದು ವಾರ ಮಾತು ಬಿಟ್ಟಿದ್ದರು. ಸೊರಬದ ಮೆಕ್ಯಾನಿಕ್ ಲೋಕೇಶ, “ಒಂದ್ಸಲ ಬಿಚ್ಚಿ ನೋಡನ ಶೇಷಪ್ಪಣ್ಣ” ಎಂದದ್ದಕ್ಕೆ ಅವನ ಗ್ಯಾರೇಜಿಗೆ ಹೋಗುವುದನ್ನೇ ನಿಲ್ಲಿಸಿದ್ದರು. ಎಲ್ಲರಿಗಿಂತ ಚೆನ್ನಾಗಿ ಆ ಸದ್ದನ್ನು ಅರಿತವಳು ಸೊಸೆ ನಯನ. ಅವಳ ತವರು ಶಿಕಾರಿಪುರ. ಅಣ್ಣ ಹೇಮಂತ್ ಅಲ್ಲಿನ ಐಟಿಐಯಲ್ಲಿ ಮೋಟಾರು ವಾಹನದ ಪಾಠ ಮಾಡುವ ಮೇಷ್ಟ್ರು. ಮನೆಯಲ್ಲಿ ಇಂಜಿನ್ನಿನ ಮಾತು ಕೇಳುತ್ತಲೇ ಅವಳು ಬೆಳೆದವಳು. ಆದರೆ ಮಾವ ಮಾಡಿದ ಕೆಲಸದಲ್ಲಿ ಸೊಸೆ ಎದುರಿಗೆ ನಿಂತು ತಪ್ಪು ತೆಗೆಯುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಅವಳು ಹೇಳಲಿಲ್ಲ.

ಹೀಗೆಯೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಶಿವಮೊಗ್ಗದಿಂದ ಒಂದು ಫೋನು ಬಂತು. ಹಳೆಯ ಕಾರುಗಳನ್ನು ಇಟ್ಟುಕೊಂಡವರೆಲ್ಲ ಒಂದು ಭಾನುವಾರ ಅಲ್ಲಿ ಸೇರುವವರಿದ್ದರು. ಎಲ್ಲ ಕಾರುಗಳ ಬಾನೆಟ್ ತೆರೆದು, ಇಂಜಿನ್ ಚಾಲೂ ಮಾಡಿ ನೋಡುವುದಿತ್ತು. ಅವತ್ತಿನಿಂದ ಶೇಷಪ್ಪ ದಿನಾ ಬೆಳಿಗ್ಗೆ ಕಾರು ತೊಳೆದರು. ಬಂಪರನ್ನು ಹುಣಸೆಹಣ್ಣು ಹಾಕಿ ಉಜ್ಜಿದರು. ಸ್ಟೇರಿಂಗಿನ ಪಕ್ಕದ ಗೇರ್ ಹಿಡಿಕೆಗೆ ಹೊಸ ಗುಂಡಿ ಹಾಕಿಸಿದರು. “ಅವ್ರ ಕಾರು ನನ್ನ ಕಾರಿಗಿಂತ ಮಿಂಚಬೌದು. ಸೌಂಡಿನಲ್ಲಿ ಮಾತ್ರ ನನ್ನನ್ನ ಯಾರೂ ಸೋಲ್ಸಲ್ಲ” ಎಂದು ಮನೆಗೆ ಬಂದವರಿಗೆಲ್ಲ ಹೇಳಿದರು.

ನಯನಳಿಗೆ ಎರಡು ಭಯ. ಬಡಿದು ಬಡಿದು ಟ್ಯಾಪೆಟ್ಟಿನ ನಟ್ಟು ಪೂರ್ತಿ ಸಡಿಲವಾಗಿ, ವಾಲ್ವು ತಳ್ಳುವ ಸಲಾಕೆ ಜಾರಿಬಿದ್ದರೆ ಕಾರು ದಾರಿಯಲ್ಲೇ ನಿಲ್ಲುತ್ತದೆ ಎಂಬುದು ಒಂದು. ಇನ್ನೊಂದನ್ನು ಅವಳು ಅಣ್ಣನಿಗೆ ಫೋನಿನಲ್ಲಿ ಹೀಗೆ ಹೇಳಿದಳು: “ಅಷ್ಟು ಜನದ ಮುಂದೆ ಬಾನೆಟ್ ಎತ್ತಿದ್ರೆ ಎಲ್ಲಾರೂ ನಗ್ತಾರೆ ಅಣ್ಣ. ನಗೋದು ಮಾವಂಗೆ ಕಾಣ್ತೈತಿ. ಯಾಕಂತ ಗೊತ್ತಾಗಂಗಿಲ್ಲ. ನೀನಾದ್ರೂ ಹೇಳು.”

“ಬೀಗರಿಗೆ ನಾ ಹೇಳ್ಲೇನು? ಮುಂದಿನ ಹಬ್ಬಕ್ಕೆ ನಿನ್ನ ತವರಿಗೆ ಕಳಸ್ತಾರೇನು ಆಮೇಲೆ?” ಎಂದ ಹೇಮಂತ್. ಸ್ವಲ್ಪ ಯೋಚಿಸಿ, “ಶನಿವಾರ ಮಧ್ಯಾಹ್ನ ನಮ್ಮ ಹುಡುಗ್ರಿಗೆ ಒಂದು ಕಾರ್ ರೇಸಿನ ಸಿನಿಮಾ ಹಾಕ್ತಿದೀನಿ. ಹಳೇ ಕಾಲದ್ದು. ಮಾವನೋರ್ನ ಕರ್ಕೊಂಡು ಬರ್ರಿ. ಹೆಂಗೂ ಭಾನುವಾರ ಈ ಕಡೆಯಿಂದಾನೇ ಹೋಗ್ಬೇಕಲ್ಲ, ರಾತ್ರಿ ನಮ್ಮನಿಯಾಗೆ ಉಳೀರಿ” ಎಂದ. ಅವನ ಮನಸ್ಸಿನಲ್ಲಿ ಇದ್ದದ್ದು ಬೀಗರಿಗೆ ಖುಷಿಯಾಗಲಿ ಎಂಬುದಷ್ಟೇ. ಸಿನಿಮಾವನ್ನು ಅವನೂ ನೋಡಿರಲಿಲ್ಲ.

ಶನಿವಾರ ಊಟ ಮುಗಿಸಿ ಶೇಷಪ್ಪ, ಗುಡ್ಡಮ್ಮ, ನಯನ ಕಾರಿನಲ್ಲಿ ಹೊರಟರು. ಸೊರಬದ ಗ್ಯಾರೇಜಿನ ಮುಂದೆ ಲೋಕೇಶ ಕೈ ಎತ್ತಿ ಕೂಗಿದ: “ಹೊಲಿಗೆ ಮಷೀನು ಎಲ್ಲಿಗೆ ಹೊಂಟ್ತು?”

“ಸಿನಿಮಾಕ್ಕೆ” ಎಂದು ಶೇಷಪ್ಪ ಹೆಮ್ಮೆಯಿಂದ ಹಾರನ್ ಹೊಡೆದರು. ಹಿಂದೆ ಕೂತಿದ್ದ ನಯನ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಶಿರಾಳಕೊಪ್ಪ ದಾಟಿ ಶಿಕಾರಿಪುರ ಮುಟ್ಟುವವರೆಗೂ ಟಿಕ್ಕಿಟಿಕ್ಕಿ ಅವಳ ಜೊತೆಗೇ ಬಂತು.

ಐಟಿಐಯ ಸಭಾಂಗಣದಲ್ಲಿ ಬಿಳಿ ಪರದೆ ಕಟ್ಟಿದ್ದರು. ಕಿಟಕಿಗಳಿಗೆ ಜಮಖಾನ ಇಳಿಬಿಟ್ಟಿದ್ದರು. ಹೋರಿ ಹಬ್ಬಕ್ಕೆ ಬಾಡಿಗೆಗೆ ಕೊಡುವ, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಪರದೆಯ ಎರಡೂ ಬದಿಗೆ ನಿಲ್ಲಿಸಿದ್ದರು. ಹುಡುಗರು ಬೀಗರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಬಿಟ್ಟುಕೊಟ್ಟರು. ಸಿನಿಮಾ ಕನ್ನಡಕ್ಕೆ ಡಬ್ ಆದದ್ದು. ಬಿಳಿಯ ಜನ ಬಾಯಿ ತೆರೆದು, “ಗೆಳೆಯನೇ, ಈ ವಾಹನವು ಸಿದ್ಧವಾಗಿದೆಯೇ?” ಎಂದಾಗ ಗುಡ್ಡಮ್ಮ, “ಇವ್ರೆಲ್ಲ ಕನ್ನಡ ಮೇಷ್ಟ್ರೇನೇ?” ಎಂದು ಸೊಸೆಯನ್ನು ಕೇಳಿದರು.

ಕಥೆ ನಡೆಯುವುದು ಅರವತ್ತು ವರ್ಷಗಳಿಗೂ ಹಿಂದೆ, ಯುರೋಪಿನಲ್ಲಿ. ಊರೊಳಗಿನ ಸಾಮಾನ್ಯ ರಸ್ತೆಗಳನ್ನೇ ಮುಚ್ಚಿ, ಒಂದು ಹಗಲು ಒಂದು ರಾತ್ರಿ ಬಿಡದೆ ಓಡಿಸುವ ರೇಸು. ಸಣ್ಣದೊಂದು ಶೆಡ್ಡಿನಲ್ಲಿ ನಾಲ್ಕಾರು ಜನ ಸೇರಿ ಒಂದು ಕಾರು ಕಟ್ಟುತ್ತಾರೆ. ಶೇಷಪ್ಪ ಅಂಥ ಕಾರನ್ನು ನೋಡಿದ್ದು ಗಿರಣಿಯ ಗೋಡೆಗಿದ್ದ ಕ್ಯಾಲೆಂಡರಿನಲ್ಲಿ. ಗಿರಣಿಯ ಮಾಲೀಕರಾದ ವೀರಬಸಪ್ಪನವರು ತಮ್ಮ ಫಿಯೆಟ್ಟನ್ನು ತೊಳೆಯಲು ಶೇಷಪ್ಪನವರಿಗೆ ಕೊಡುತ್ತಿದ್ದ ಕಾಲ ಅದು. ಕ್ಯಾಲೆಂಡರಿನಲ್ಲಿದ್ದದ್ದು ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ ಕಾರು, ಬಾಗಿಲ ಮೇಲೆ ಬಿಳಿಯ ವೃತ್ತದೊಳಗೆ ಒಂದು ಅಂಕಿ. ವರ್ಷ ಮುಗಿದರೂ ಆ ಹಾಳೆಯನ್ನು ತೆಗೆಯಲು ಶೇಷಪ್ಪ ಬಿಟ್ಟಿರಲಿಲ್ಲ. ಗಿರಣಿ ಮುಚ್ಚಿದಾಗ ಬೇರೆಯವರು ಮೋಟಾರು, ತಗಡು ಕೊಂಡುಕೊಂಡರು, ಶೇಷಪ್ಪ ಫಿಯೆಟ್ಟನ್ನು ಕೊಂಡರು. ಆದರೆ ಕ್ಯಾಲೆಂಡರಿನ ಕಾರು ಓಡುವುದನ್ನು ಅವರು ಈವರೆಗೆ ಕಂಡಿರಲಿಲ್ಲ.

ಈಗ ಅದು ಓಡಿತು. ಮೊದಲು ಸದ್ದು ಬಂದದ್ದು ಕಿವಿಗಲ್ಲ, ಪಾದಕ್ಕೆ. ಅಲ್ಲಿಂದ ಕುರ್ಚಿಗೆ, ಕುರ್ಚಿಯಿಂದ ಎದೆಗೂಡಿಗೆ. ಶೇಷಪ್ಪ ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದುಕೊಂಡರು. ಪರದೆಯ ಮೇಲೆ ತಗಡನ್ನು ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕಾರಿನ ಮೈ ಮಾಡುತ್ತಿದ್ದರು. ಅಳತೆಗೆ ಅಚ್ಚಿಲ್ಲ, ಕಣ್ಣು ಮತ್ತು ಅಂಗೈ ಅಷ್ಟೇ. “ಕೈಯಾಗೇ ಮಾಡಿದ್ರೇನು ಇದ್ನ?” ಎಂದು ಅವರು ಪಕ್ಕದಲ್ಲಿದ್ದ ಹೇಮಂತನನ್ನು ಕೇಳಿದರು.

“ಹೌದ್ರಿ ಮಾವನೋರೇ. ಆಗ ಹಂಗೇ ಮಾಡ್ತಿದ್ರು.”

ರೇಸಿನ ಹೊತ್ತಿಗೆ ಕಾರುಗಳು ರಸ್ತೆಯ ಒಂದು ಬದಿಗೆ ಓರೆಯಾಗಿ ಸಾಲಾಗಿ ನಿಂತವು. ಚಾಲಕರು ಇನ್ನೊಂದು ಬದಿಗೆ ನಿಂತರು. ಬಾವುಟ ಬಿದ್ದೊಡನೆ ಅವರು ರಸ್ತೆ ದಾಟಿ ಓಡಿ, ಹಾರಿ ಕೂತು, ಸೀಟ್ ಬೆಲ್ಟಿಲ್ಲದೆ ಹೊರಟೇಬಿಟ್ಟರು. ಹುಡುಗರು ಶಿಳ್ಳೆ ಹೊಡೆದರು. ಗುಡ್ಡಮ್ಮ ಬಹಳ ಹೊತ್ತು ನೋಡಿ ಕೇಳಿದರು: “ಇಷ್ಟೊಂದು ಓಡ್ತಾವಲ್ಲ, ಹಿಡಿಯೋರು ಎಲ್ಲಿ?”

ಹಿಂದಿನ ಸಾಲು ನಕ್ಕಿತು. ಗುಡ್ಡಮ್ಮನವರಿಗೆ ಗೊತ್ತಿದ್ದ ಓಟವೆಂದರೆ ಹೋರಿಯದ್ದು. ಅಲ್ಲಿ ಕೊಬ್ಬರಿ ಸರ ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗುತ್ತದೆ, ಯಾರ ಕೈಗೂ ಸಿಗದೆ ದಾಟಿದರೆ ಗೆದ್ದಂತೆ. “ಇಲ್ಲಿ ಹಿಡಿಯೋರಿಲ್ಲ ಅಮ್ಮ, ಟೈಮೇ ಹಿಡಿಯೋದು” ಎಂದ ಒಬ್ಬ ಹುಡುಗ. ಗುಡ್ಡಮ್ಮ ಒಪ್ಪಿಕೊಂಡಂತೆ ತಲೆ ಆಡಿಸಿದರು.

ಶೇಷಪ್ಪನವರಿಗೆ ಈ ಮಾತು, ನಗು ಯಾವುದರ ಮೇಲೂ ಗಮನ ಇರಲಿಲ್ಲ. ಮುಸ್ಸಂಜೆಯ ಮಬ್ಬಿನಲ್ಲಿ ತಿರುವಿನ ಮುಂದೆ ಬ್ರೇಕ್ ಒತ್ತಿದಾಗ ಗಾಲಿಯ ಒಳಗಿನ ಬಿಲ್ಲೆಗಳು ಕುಲುಮೆಯ ಕಬ್ಬಿಣದಂತೆ ಕೆಂಪಗಾಗುವುದನ್ನು ಅವರು ನೋಡುತ್ತಿದ್ದರು. ಮಳೆ ಬಂತು. ಮುಂದಿನ ಕಾರಿನ ಗಾಲಿ ಎರಚಿದ ನೀರಿನೊಳಗೆ, ರಸ್ತೆಯೇ ಕಾಣದ ಕಡೆ, ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ನುಗ್ಗಿದ. ಶೇಷಪ್ಪನವರ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ಅಂಥ ಇಂಜಿನ್ನಿನಲ್ಲಿ ಒಂದೊಂದು ವಾಲ್ವು ಸೆಕೆಂಡಿಗೆ ಐವತ್ತು ಸಲ ತೆರೆದು ಮುಚ್ಚುತ್ತದೆ ಎಂದು ಹೇಮಂತ್ ಕಿವಿಯಲ್ಲಿ ಹೇಳಿದ. ಶೇಷಪ್ಪ ಅವನ ಮುಖ ನೋಡಿದರು. ತಮ್ಮ ಕಾರಿನಲ್ಲೂ ಇರುವುದು ಅದೇ ವಾಲ್ವು, ಅದೇ ಸ್ಪ್ರಿಂಗು, ಅದೇ ತೋಳು. “ಐವತ್ತು ಸಲ” ಎಂದು ಮೆಲ್ಲಗೆ ತಾವೇ ಹೇಳಿಕೊಂಡರು.

ಆಗ ಒಂದು ದೃಶ್ಯ ಬಂತು. ಬೆಳಗಿನ ಜಾವ. ಶೆಡ್ಡಿನವರ ಕಾರು ರೇಸಿನಲ್ಲಿ ಮುಂದಿದೆ. ಮುದುಕ ಮೆಕ್ಯಾನಿಕ್ ಒಬ್ಬ ರಸ್ತೆಯ ಅಂಚಿನ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದಾನೆ. ಕಾರು ಅವನ ಮುಂದೆ ಹಾದುಹೋಗುತ್ತದೆ. ಅವನು ಕಣ್ಣು ತೆರೆದು, ಕಾರನ್ನು ನಿಲ್ಲಿಸಲು ಸನ್ನೆ ಮಾಡುತ್ತಾನೆ.

ಕಾರು ಹಾದುಹೋದಾಗ ಶೇಷಪ್ಪನವರಿಗೆ ಕೇಳಿದ್ದು ಅದೇ ದೊಡ್ಡ ಗುಡುಗು. ಆದರೆ ಸಭಾಂಗಣದಲ್ಲಿ ಏನೋ ಆಯಿತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಟ್ಯಾಪೆಟ್ಟು” ಎಂದು ಯಾರೋ ಅಂದರು. ಇನ್ನೊಬ್ಬ ದಪ್ಪ ದನಿಯಲ್ಲಿ, “ಹೊಲಿಗೆ ಮಷೀನ್ ಆಗೇತಲೇ ಗಾಡಿ” ಎಂದ. ಆ ದನಿ ಶೇಷಪ್ಪನವರಿಗೆ ಸ್ಪಷ್ಟವಾಗಿ ಕೇಳಿತು. ಅವರು ತಿರುಗಿದರು. ಗುಡ್ಡಮ್ಮ ಸೊಸೆಯ ಕಡೆ ಬಾಗಿ ಏನೋ ಹೇಳುತ್ತಿದ್ದರು. ಅವರ ತುಟಿಗಳ ಮಾತನ್ನು ಇಷ್ಟು ವರ್ಷಗಳಲ್ಲಿ ಶೇಷಪ್ಪ ಕಣ್ಣಿನಿಂದಲೇ ಓದಲು ಕಲಿತಿದ್ದರು. ಗುಡ್ಡಮ್ಮ ಹೇಳಿದ್ದು, “ನಮ್ಮ ಕಾರಿನ ಸದ್ದೇ ಅಲ್ಲನೇ ಇದು?”

ನಯನ ಅತ್ತೆಯ ಕೈ ಅದುಮಿದಳು. ಮಾವ ತಮ್ಮಿಬ್ಬರನ್ನೇ ನೋಡುತ್ತಿರುವುದು ಅವಳಿಗೆ ಆಗ ಕಂಡಿತು.

ಪರದೆಯ ಮೇಲೆ ಚಾಲಕ ಸಿಟ್ಟಾಗಿದ್ದ. ಅವನು ಆ ಕಾಲದ ದೊಡ್ಡ ಹೆಸರಿನ ಚಾಲಕ. “ಒಳಗೆ ಕುಳಿತಿರುವವನು ನಾನು. ನನಗೆ ಕೇಳಿಸದ್ದು ನಿನಗೆ ಹೇಗೆ ಕೇಳಿಸಿತು?” ಎಂದ. ಮುದುಕ ಬಾನೆಟ್ ಎತ್ತುತ್ತ ಹೇಳಿದ: “ನೀನು ಒಳಗೆ ಇದ್ದೀಯ. ಅದಕ್ಕೇ ಕೇಳಿಸುವುದಿಲ್ಲ.” ಚಾಲಕ ಕಾರಿನಿಂದ ಇಳಿದು ಪಕ್ಕಕ್ಕೆ ನಿಂತ.

ಅವನು ಇಳಿದು ನಿಂತದ್ದನ್ನು ಶೇಷಪ್ಪ ಬಾಯಿ ತೆರೆದು ನೋಡಿದರು. ಮಳೆಯಲ್ಲಿ ಕಣ್ಣು ಕಾಣದೆ ನುಗ್ಗಿದವನು, ಹೇಳಿದ ಮಾತಿಗೆ ಇಳಿದುಬಿಟ್ಟನಲ್ಲ. ಆಮೇಲೆ ಕಾರು ಮತ್ತೆ ಹೊರಟಿತು, ರೇಸು ಮುಗಿಯಿತು, ಗೆದ್ದವರ ಹೆಸರು ಕೂಗಿ ಹುಡುಗರು ಕುಣಿದರು. ಶೇಷಪ್ಪ ಕುರ್ಚಿಯಿಂದ ಏಳಲಿಲ್ಲ. ಜಮಖಾನ ತೆಗೆದು ಬಿಸಿಲು ಒಳಗೆ ಬಂದ ಮೇಲೂ ಅವರು ಖಾಲಿ ಪರದೆಯನ್ನೇ ನೋಡುತ್ತ ಕೂತಿದ್ದರು.

“ಹೆಂಗಿತ್ರಿ ಮಾವನೋರೇ?” ಎಂದ ಹೇಮಂತ್.

“ಎಂಥಾ ಮನುಷ್ಯರು ಮಾರಾಯ” ಎಂದರು ಶೇಷಪ್ಪ. “ಎಂಥಾ ಮನುಷ್ಯರು ಇದ್ರು.”

ಹೊರಗೆ ಬೇವಿನ ಮರದ ಕೆಳಗೆ ಕಾರು ನಿಂತಿತ್ತು. ಶೇಷಪ್ಪ ಕೀಲಿ ಹಿಡಿದು ಅದರ ಮುಂದೆ ನಿಂತರು. ಬಾಗಿಲು ತೆರೆಯಲಿಲ್ಲ.

“ನಯನಾ.”

“ಏನ್ರಿ ಮಾವ.”

“ಊರಾಗೆ ಹೊಲಿಗೆ ಮಷೀನು ಅಂತಾರಲ್ಲ. ಹೊಗಳೋದಾ, ಆಡ್ಕೊಳ್ಳೋದಾ?”

ನಯನ ಅತ್ತೆಯ ಕಡೆ ನೋಡಿದಳು. ಗುಡ್ಡಮ್ಮ ಸೆರಗನ್ನು ಸರಿಮಾಡಿಕೊಳ್ಳುತ್ತ, “ನಾ ಹೇಳಿದ್ರೆ ಮಿಕ್ಸಿ ಅಂತೀರ. ನೀನೇ ಹೇಳು ಮಾರಾಯ್ತಿ” ಎಂದರು.

ನಯನ ತಲೆ ತಗ್ಗಿಸಿದಳು. ಶೇಷಪ್ಪನವರಿಗೆ ಅಷ್ಟು ಸಾಕಾಯಿತು. ಅವರ ಮುಖ ಒಂದು ಗಳಿಗೆ ಬಾಡಿತು. ಎಷ್ಟು ಜನ, ಎಷ್ಟು ಸಲ, ಎಷ್ಟು ನಗುನಗುತ್ತ ಅದನ್ನು ಹೇಳಿದ್ದರು ಎಂದು ಅವರು ನೆನಪಿಸಿಕೊಳ್ಳುತ್ತಿದ್ದಿರಬೇಕು. ಆಮೇಲೆ ಅವರು ನಿಧಾನಕ್ಕೆ ಹೇಳಿದರು: “ಅಷ್ಟು ದೊಡ್ಡ ಡ್ರೈವರಿಗೇ ಕೇಳ್ಲಿಲ್ಲ. ಇಳಿದು ನಿಂತ ನೋಡು. ನಂದೇನು ಹೆಚ್ಚು? ಬಾ ಇಲ್ಲಿ. ಆ ಮುದುಕ ನಿಂತಂಗೆ ನಿಂತ್ಕೋ. ಕಣ್ಣು ಮುಚ್ಚು. ನಾನು ಚಾಲೂ ಮಾಡ್ತೀನಿ. ಸದ್ದು ಐತೆ ಅಂದ್ರೆ ಕೈ ಎತ್ತು. ಬಾಯಲ್ಲಿ ಹೇಳೋದು ಬ್ಯಾಡ.”

ಅವರು ಒಳಗೆ ಕೂತು ಕೀಲಿ ತಿರುಗಿಸಿದರು. ನಯನ ಬೇವಿನ ಮರಕ್ಕೆ ಒರಗಿ ಕಣ್ಣು ಮುಚ್ಚಿದಳು. ಅವಳ ಕೈ ತಕ್ಷಣ ಏಳಲಿಲ್ಲ. ಎದ್ದಾಗ ಪೂರ್ತಿ ಎದ್ದಿತು.

ಹೇಮಂತ್ ಕಾರನ್ನು ವರ್ಕ್‌ಶಾಪಿನೊಳಗೆ ತಳ್ಳಿಸಿದ. ಅವನೇ ಸ್ಪ್ಯಾನರ್ ಹಿಡಿದಾಗ ಶೇಷಪ್ಪ, “ಇಲ್ಲಿ ಕೊಡು. ಕೈಗೆ ಏನೂ ಆಗಿಲ್ಲ ನಂಗೆ” ಎಂದು ಇಸಿದುಕೊಂಡರು. ಯಾವ ವಾಲ್ವು ಎಂದು ಗೊತ್ತಾಗಬೇಕಿತ್ತು. ಅದಕ್ಕೊಂದು ಹಳೆಯ ಉಪಾಯವಿದೆ. ಇಂಜಿನ್ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮುಚ್ಚಳದ ಮೇಲೆ ಒತ್ತಿ, ಹಿಡಿಕೆಯನ್ನು ಕಿವಿಗೆ ಕೊಟ್ಟರೆ, ಸದ್ದು ಎಲ್ಲಿ ಹುಟ್ಟುತ್ತಿದೆಯೋ ಅಲ್ಲಿ ಗಟ್ಟಿಯಾಗಿ ಕೇಳುತ್ತದೆ. ಈ ಉಪಾಯವನ್ನು ಸೊಸೆಗೆ ಹೇಳಿಕೊಟ್ಟವರು ಶೇಷಪ್ಪನವರೇ. ಸೆರಗು ಇಂಜಿನ್ನಿನ ಬೆಲ್ಟಿಗೆ ಸಿಗದಂತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳಿ, ಅವಳ ಕೈ ಹಿಡಿದು ಒಂದೊಂದೇ ಜಾಗ ತೋರಿಸಿದರು. ನಯನ ಕೇಳುತ್ತ ಹೋದಳು. ಒಂದು ಕಡೆ ಬೆಚ್ಚಿದವಳಂತೆ ತಲೆ ಹಿಂದಕ್ಕೆ ತೆಗೆದಳು.

“ಇಲ್ಲೇರಿ ಮಾವ. ಮೊಳೆ ಹೊಡ್ದಂಗೆ.”

ಮುಚ್ಚಳ ಬಿಚ್ಚಿ ನೋಡಿದರೆ ಅದು ಎರಡನೇ ಸಿಲಿಂಡರಿನ ವಾಲ್ವು. ನಟ್ಟು ಬೆರಳಲ್ಲೇ ತಿರುಗುವಷ್ಟು ಸಡಿಲವಾಗಿತ್ತು. ಹೇಮಂತ್ ಅದನ್ನು ನೋಡಿ ತಂಗಿಯ ಮುಖ ನೋಡಿದ. ಭಾನುವಾರ ಕಾರು ಶಿವಮೊಗ್ಗ ಮುಟ್ಟುವುದು ಅನುಮಾನವಿತ್ತು ಎಂದು ಇಬ್ಬರಿಗೂ ಗೊತ್ತಾಯಿತು. ಶೇಷಪ್ಪನವರಿಗೂ ಗೊತ್ತಾಯಿತು. ಅವರು ತೆಳು ಉಕ್ಕಿನ ಪಟ್ಟಿಯನ್ನು ಸಂದಿನಲ್ಲಿ ತೂರಿಸಿ, ಅದು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರುವವರೆಗೆ ಸ್ಕ್ರೂ ತಿರುಗಿಸಿ, ನಟ್ಟು ಬಿಗಿದರು. ಅವರ ಬೆರಳು ಒಮ್ಮೆಯೂ ತಡವರಿಸಲಿಲ್ಲ. ಮುಚ್ಚಳ ಹಾಕಿ ಕೈ ಒರೆಸಿಕೊಂಡು ಮತ್ತೆ ಒಳಗೆ ಕೂತು ಇಂಜಿನ್ ಚಾಲೂ ಮಾಡಿದರು.

ಅವರ ಕಿವಿಗೆ ಬಂದದ್ದು ಮಧ್ಯಾಹ್ನ ಹೊಸಬಾಳೆಯಿಂದ ಹೊರಟಾಗ ಕೇಳಿದ ಸದ್ದೇ. ಅದರಲ್ಲಿ ಏನೂ ಕಡಿಮೆಯಾಗಿರಲಿಲ್ಲ, ಏನೂ ಹೆಚ್ಚಾಗಿರಲಿಲ್ಲ. ಅವರು ಕಿವಿ ಬಿಟ್ಟು ಗಾಜಿನ ಆಚೆ ನಯನಳ ಮುಖವನ್ನು ನೋಡತೊಡಗಿದರು. ಅವಳ ಹುಬ್ಬಿನ ಗಂಟು ಮೊದಲು ಬಿಚ್ಚಿತು. ಆಮೇಲೆ ಬಿಗಿಹಿಡಿದಿದ್ದ ತುಟಿ ಸಡಿಲವಾಯಿತು. ಆಮೇಲೆ ಭುಜ ಇಳಿಯಿತು. ಒಂದು ಸದ್ದು ನಿಲ್ಲುವುದು ಹೇಗಿರುತ್ತದೆ ಎಂಬುದನ್ನು ಶೇಷಪ್ಪ ಕಣ್ಣಿನಲ್ಲಿ ಕಂಡರು. ಸಿನಿಮಾ ನೋಡುವಾಗಿನ ಅದೇ ಬೆರಗು ಅವರ ಮುಖದ ಮೇಲೆ ಬಂದಿತ್ತು.

“ಹೋಯ್ತಾ?”

“ಹೋಯ್ತುರಿ ಮಾವ.”

“ಪೂರ್ತಿ ಹೋಯ್ತಾ? ಸರಿಯಾಗಿ ಕೇಳಿ ಹೇಳು.”

ನಯನ ಸ್ಕ್ರೂಡ್ರೈವರ್ ಎತ್ತಿಕೊಂಡು ಮತ್ತೆ ಕಿವಿಗೆ ಹಿಡಿದಳು. ಉದ್ದಕ್ಕೂ ಕೇಳಿಕೊಂಡು ಹೋದಳು. ಒಂದು ಕಡೆ ನಿಂತಳು. ಅಣ್ಣನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. ಕೊನೆಗೆ ಮಾವನ ಕಡೆ ತಿರುಗಿ, ಅವರಿಗೆ ಕಾಣುವಂತೆ ಬಾಯಿ ಬಿಡಿಸಿ ಹೇಳಿದಳು:

“ಇಲ್ರಿ. ನಾಕ್ನೇದ್ರಾಗೆ ಇನ್ನೊಂದು ಸಣ್ಣದು ಐತ್ರಿ. ಹಿಂದೆ ಮಾಡ್ದಾಗ ಸರಿಯಾಗಿ ಬಿಗಿದಿಲ್ಲ ನೀವು.”

ಶೇಷಪ್ಪ ಇಂಜಿನ್ ಆರಿಸಿ ಕಾರಿನಿಂದ ಇಳಿದರು.

“ಹಂಗೆ ಹೇಳು ಮತ್ತೆ” ಎಂದರು. ಸ್ಪ್ಯಾನರಿಗೆ ಕೈ ಚಾಚುತ್ತ, “ನಾಳೆ ಶಿವಮೊಗ್ಗದಾಗೆ ಬಾನೆಟ್ ಎತ್ತೋವಾಗ ನೀನು ನನ್ನ ಎದ್ರಿಗೇ ನಿಂತಿರ್ಬೇಕು” ಎಂದರು.